ತಾಡಪತ್ರಿ ಇಳಿಬಿಟ್ಟ ದಿನ

ಜುಲೈ ತಿಂಗಳು. ಗೋವಾದ ವಾಸ್ಕೋದಲ್ಲಿ ಮೂರು ದಿನದಿಂದ ಮಳೆ ಬಿಟ್ಟಿರಲಿಲ್ಲ. ಸಮುದ್ರದ ಕಡೆಯಿಂದ ಅಡ್ಡಮಳೆ ಹೊಡೆಯುತ್ತದೆಂದು ಗುಡ್ಡದ ಕೆಳಗಿನ ಮನೆಗಳೆಲ್ಲ ಮೇ ಕೊನೆಗೇ ನೀಲಿ ಪ್ಲಾಸ್ಟಿಕ್ ತಾಡಪತ್ರಿ ಹೊದ್ದು ಕುಳಿತಿದ್ದವು. ಥಾವರಪ್ಪನ ಗ್ಯಾರೇಜಿಗೂ ಮೂರು ಕಡೆ ತಾಡಪತ್ರಿ, ಅದರ ಅಂಚಿನ ಮೇಲೆ ಸಾಲಾಗಿ ಕಲ್ಲು. ಎದುರಿನ ನಾಲ್ಕನೆಯದನ್ನು ಮಾತ್ರ ಸುರುಳಿ ಸುತ್ತಿ ಮೇಲೆ ಕಟ್ಟಿದ್ದ.

ವಿಜಯಪುರದ ಕಡೆಯ ತಾಂಡಾ ಬಿಟ್ಟು ಬಂದು ಅವನಿಗೆ ಇಪ್ಪತ್ತು ವರ್ಷ. ಬರೀ ಸಪ್ಪಳ ಕೇಳಿ ಗಾಡಿಯ ರೋಗ ಹೇಳುವ ಮಿಸ್ತ್ರಿ ಎಂದು ಹೆಸರಿತ್ತು. ಆ ಶನಿವಾರ ಅವನ ಕೈಯಲ್ಲಿದ್ದದ್ದು ಬ್ಯಾಂಕಿನ ಓಂಕಾರನ ಕೆಂಪು ಸ್ಪೋರ್ಟ್ಸ್ ಕಾರು. ಹಳೆಯದು, ಎರಡೇ ಸೀಟು. ಗೇರ್‌ಬಾಕ್ಸಿನ ಆಯಿಲ್ ಬದಲಿಸಬೇಕಿತ್ತು. ಸೈಲೆನ್ಸರ್ ಪೈಪಿನ ನಡುವೆ ಇರುವ ಕ್ಯಾಟಲಿಟಿಕ್ ಕನ್ವರ್ಟರ್ ತೆಗೆಯಬೇಕಿತ್ತು. ಗ್ಯಾರೇಜಿನವರು ಅದನ್ನು ಡಬ್ಬಿ ಎನ್ನುತ್ತಾರೆ.

"ಡಬ್ಬಿ ತಗದ್ರ ಗಾಡಿ ಹುಲಿಯಂಗ ಗುರ್ ಅಂತದಂತ. ರವಿವಾರ ಬೇಕ್ರಿ," ಎಂದಿದ್ದ ಓಂಕಾರ.

"ರವಿವಾರ ಮುಂಜಾನೆ ತಯಾರಿರ್ತೈತ್ರಿ. ಮಾತು ಕೊಟ್ಟೇನಿ," ಎಂದಿದ್ದ ಥಾವರಪ್ಪ.

ಹತ್ತು ಗಂಟೆಯ ಹೊತ್ತಿಗೆ ಮಂಗಲಾ ಬಂದಳು. ಪೆಟ್ರೋಲ್ ಪಂಪಿನ ಬಳಿ ಗಾಡಿಗಳ ಹೊಗೆ ತಪಾಸಣೆ ಮಾಡುವವಳು, ಥಾವರಪ್ಪನ ಹೆಂಡತಿ ಲಾಲಿಬಾಯಿಯ ಸ್ವಸಹಾಯ ಸಂಘದವಳು.

"ಥಾವರಣ್ಣ, ಡಬ್ಬಿ ಯಾಕ ನೆಲದ ಮ್ಯಾಲೈತಿ?"

"ಮಲಗೈತಿ. ಎಬ್ಬಿಸಬ್ಯಾಡ."

"ಚಾಷ್ಟಿ ಅಲ್ಲಣ್ಣ. ಅದರೊಳಗ ಜೇನುಗೂಡಿನಂಥಾ ಜಾಳಿಗಿ ಐತಿ. ಹೊಗಿಯೊಳಗಿನ ವಿಷ ಅಲ್ಲೇ ಸುಡತೈತಿ. ಅದನ್ನ ತಗದ್ರ ವಿಷ ಹಂಗ ಹೊರಗ ಬರತೈತಿ. ಕಾಯ್ದೇನೂ ಒಪ್ಪಂಗಿಲ್ಲ."

"ಯಾವ ಹೊಗಿ, ತಂಗಿ? ಇದು ಲಾರಿ ಹಂಗ ಕರ್ರಗ ಉಗುಳತೈತೇನು? ಕಾಣತೈತೇನು ನಿನಗ?"

"ಕಾಣವಲ್ದು ಅಂತನ ಹೇಳಾಕತ್ತೇನಿ. ಆ ಗಾಳಿಗೆ ಬಣ್ಣಿಲ್ಲ, ವಾಸನಿ ಇಲ್ಲ. ಮಷಿನ್‌ಗ ಅಷ್ಟ ತಿಳೀತೈತಿ."

"ನಿನ್ನ ಮಷಿನ್ ಮೊನ್ನೆ ಬಂದದ್ದು. ನನ್ನ ಮೂಗು ಇಪ್ಪತ್ತು ವರ್ಷದ್ದು."

ಹಿಂದಿನ ಮನೆಯೊಳಗಿನಿಂದ ಲಾಲಿಬಾಯಿ ಕೂಗಿದಳು. "ಆ ಮೂಗಿಗೆ ಮನ್ಯಾಗ ಅನ್ನ ಸೀದದ್ದೂ ತಿಳಿಯಂಗಿಲ್ಲ, ಮಂಗಲಾ."

ಮಂಗಲಾ ನಗಲಿಲ್ಲ. ಸೀಟಿನ ಮೇಲಿದ್ದ ಕಾರಿನ ಪುಸ್ತಕ ತೆರೆದು ನೋಡಿದಳು. ಥಾವರಪ್ಪ ಗೇರ್‌ಬಾಕ್ಸಿಗೆ ಸುರಿದಿದ್ದ ಆಯಿಲ್ ಕ್ಯಾನಿನ ಮೇಲೆ ಜಿಎಲ್-5 ಎಂದಿತ್ತು.

"ಇದರಾಗ ಜಿಎಲ್-4 ಹಾಕ್ರಿ ಅಂತ ಬರದಾರಲ್ಲಣ್ಣ."

"ನಾಲ್ಕಕ್ಕಿಂತ ಐದು ದೊಡ್ಡದಲ್ಲೇನು? ಚಲೋ ಗಾಡಿಗೆ ಚಲೋ ಆಯಿಲ್."

"ಇವೇನು ಪರೀಕ್ಷಾದ ಮಾರ್ಕೇನು? ಬ್ಯಾರೆ ಗೇರ್‌ಬಾಕ್ಸಿಗೆ ಬ್ಯಾರೆ ಆಯಿಲ್. ಈ ಗಾಡಿಯೊಳಗ ಹಿತ್ತಾಳಿ ಉಂಗುರ ಅದಾವಂತ. ತಪ್ಪು ಆಯಿಲ್ ಅವನ್ನ ಸಾವಕಾಶ ತಿಂತೈತಿ. ಒಂದೀಟು ಓದಿ ನೋಡ್ರಿ."

"ಓದಿ ನೋಡಂಗಿಲ್ಲ, ಕೇಳಿ ನೋಡ್ತೇನಿ," ಎಂದು ಥಾವರಪ್ಪ ಸ್ಟೇರಿಂಗ್ ಮುಂದೆ ಕುಳಿತ. ಮಂಗಲಾಳಿಗೆ ಕೆಲಸದ ಹೊತ್ತಾಗಿತ್ತು, ಹೋದಳು.

ಡಬ್ಬಿಯಿಲ್ಲದ ಇಂಜಿನ್ ಗುಡುಗಿತು. ಪಕ್ಕದ ಮನೆಯ ಮಾಶಾಬಿ ಬಂದು, "ಕೂಸು ಈಗ ಮಲಗೇತ್ರಿ ಭಾಯ್," ಎಂದಳು. ಥಾವರಪ್ಪ ನೆರೆಹೊರೆಯವರ ಮಾತು ಮೀರುವವನಲ್ಲ. ಸಪ್ಪಳ ಹೊರಗೆ ಹೋಗಬಾರದೆಂದು ಎದುರಿನ ತಾಡಪತ್ರಿಯನ್ನೂ ಇಳಿಬಿಟ್ಟ. ಅಂಚಿಗೆ ಕಲ್ಲಿಟ್ಟ. ಗೇರ್ ಹಾಕುತ್ತ, ತೆಗೆಯುತ್ತ, ಕಿವಿಗೊಟ್ಟು ಕುಳಿತ.

ತಲೆ ನೋಯತೊಡಗಿದಾಗ ಹಸಿವೆ ಎಂದುಕೊಂಡ. ಹೊಟ್ಟೆ ತೊಳಸಿದಾಗ ಪಿತ್ತ ಎಂದುಕೊಂಡ. ಏಳಬೇಕೆಂದಾಗ ಕಾಲು ಏಳಲಿಲ್ಲ.

ಲಾಲಿಬಾಯಿ ರೊಟ್ಟಿ ತಂದಾಗ ಅವನ ಹಣೆ ಸ್ಟೇರಿಂಗಿನ ಮೇಲಿತ್ತು. ಇಂಜಿನ್ ಓಡುತ್ತಲೇ ಇತ್ತು. ಅವಳು ಕೀಲಿ ತಿರುಗಿಸಿ ಬಂದ್ ಮಾಡಿ, ಮಾಶಾಬಿಯನ್ನು ಕರೆದಳು. ಇಬ್ಬರೂ ಕೂಡಿ ಅವನನ್ನು ಮಳೆಯೊಳಕ್ಕೆ ಎಳೆದರು.

ಆಸ್ಪತ್ರೆಯಲ್ಲಿ ಆಮ್ಲಜನಕ ಕೊಟ್ಟರು. ಜೀವ ಉಳಿಯಿತು. ಐದನೆಯ ದಿನ ಮನೆಗೆ ನಡೆದೇ ಬಂದ. ಮಂಗಲಾಳ ಕೈ ಹಿಡಿದು, "ನೀ ಹೇಳಿದ್ದು ಖರೇ, ತಂಗಿ. ಡಬ್ಬಿ ಕೂಡಸಾಕ ಹೇಳು," ಎಂದ. ಇನ್ನೊಂದು ಗ್ಯಾರೇಜಿನ ಉಸ್ಮಾನ ಬಂದು ಡಬ್ಬಿ ಜೋಡಿಸಿದ. ಜಿಎಲ್-5 ಇಳಿಸಿ ಜಿಎಲ್-4 ತುಂಬಿದ. ಗೇರ್‌ಬಾಕ್ಸಿಗೆ ಏನೂ ಆಗಿರಲಿಲ್ಲ. ಓಂಕಾರ ತಲೆ ತಗ್ಗಿಸಿ ಬಂದು ಗಾಡಿ ಒಯ್ದ.

ಮೂರು ವಾರದ ಮೇಲೆ ಮರೆವು ಶುರುವಾಯಿತು. ಮೊದಲು ಬೋಲ್ಟ್ ತಿರುಗಿಸುವ ಪಾನಾದ ನಂಬರ್ ಮರೆತ. ಆಮೇಲೆ ಯಾವ ಸಪ್ಪಳ ಯಾವುದರದ್ದು ಎಂಬುದನ್ನು. ಆ ವಿಷಗಾಳಿ ಕೆಲವರಿಗೆ ಹೀಗೆ ತಡವಾಗಿ ಮಿದುಳಿಗೆ ಪೆಟ್ಟು ಕೊಡುತ್ತದೆ ಎಂದರು ಡಾಕ್ಟರು. ಸುಧಾರಿಸಬಹುದು, ಸುಧಾರಿಸದೆಯೂ ಇರಬಹುದು.

"ಆಯಿಲ್ ಇಳಿಸಿ ಬ್ಯಾರೆ ಹಾಕಿದ್ರಲ್ಲ ಮಂಗಲಾ," ಎಂದಳು ಲಾಲಿಬಾಯಿ. "ಇವರಿಗೆ ಏನು ಇಳಿಸ್ಲಿ, ಏನು ಹಾಕ್ಲಿ?"



ಓದುಗರೇ, ಗಾಡಿಯ ಡಬ್ಬಿ ತೆಗೆಸಬೇಡಿ, ಯಾರು ಕೇಳಿದರೂ ತೆಗೆದು ಕೊಡಬೇಡಿ. ಡಬ್ಬಿ ಇದ್ದರೂ ಸರಿ, ಮುಚ್ಚಿದ ಜಾಗದಲ್ಲಿ ಇಂಜಿನ್ ಓಡಿಸಬೇಡಿ. ಓಡುವ ಇಂಜಿನ್ನಿನ ಹತ್ತಿರ ತಲೆನೋವು, ವಾಂತಿ, ಕಾಲಿನ ಸೋಲು ಬಂದರೆ ಹಸಿವೆ ಎಂದುಕೊಳ್ಳದೆ ಬಯಲಿಗೆ ಬನ್ನಿ, ಆಸ್ಪತ್ರೆಗೆ ಹೋಗಿ. ಆಯಿಲ್ ಹಾಕುವ ಮೊದಲು ಗಾಡಿಯ ಪುಸ್ತಕ ನೋಡಿ. ಓದಲು ಬಾರದಿದ್ದರೆ ಓದಿಸಿ ಕೇಳಿ, ಅದರಲ್ಲಿ ಸಣ್ಣತನವಿಲ್ಲ.

ಥಾವರಪ್ಪ ಈಗಲೂ ದಿನಾ ಮುಂಜಾನೆ ಎದ್ದು, ತಾಡಪತ್ರಿ ಬಿಚ್ಚಿದ ಖಾಲಿ ಗ್ಯಾರೇಜಿನಲ್ಲಿ ನಿಂತು ಹೆಂಡತಿಯನ್ನು ಕೇಳುತ್ತಾನೆ: "ಲಾಲಿ, ರವಿವಾರ ಬಂತೇನು? ಕೆಂಪು ಗಾಡಿ ಕೊಡಬೇಕು, ಮಾತು ಕೊಟ್ಟೇನಿ."