ರೋಲರಿನ ಡಬ್ಬಿ

ಹೆದ್ದಾರಿಗಳ ಸುಧಾರಣೆಗೆ ಹಣ ಕೊಡುವ ಹೊಸ ಕಾಯ್ದೆ ಶಾಸನಸಭೆಯಲ್ಲಿ ಪಾಸಾಯಿತೆಂದು ಪತ್ರಿಕೆಯಲ್ಲಿ ನಾನೇ ಓದಿದ್ದೆ. ಇನ್ನು ನಮ್ಮ ರಸ್ತೆಯ ಸೇತುವೆ ಅಗಲವಾಗುತ್ತದೆ ಎಂದುಕೊಂಡಿದ್ದೆ. ಆ ಇಕ್ಕಟ್ಟಿನಲ್ಲಿ ಮೊಮ್ಮಗಳು ಲಾರಿಗಳ ಪಕ್ಕ ಸೈಕಲ್ ತುಳಿಯುವುದನ್ನು ಕಂಡರೆ ನನಗೆ ಜೀವ ಬಾಯಿಗೆ ಬರುತ್ತದೆ.

ರಸ್ತೆ ಇಲಾಖೆಯ ಹುಡುಗಿ ಬಂದು ನಮ್ಮ ಮೆಟ್ಟಿಲ ಮೇಲೆ ಕೂತು ನೀರು ಕುಡಿದಳು. ತೊಡೆಯ ಮೇಲೆ ಹಳೆಯ ರಿಜಿಸ್ಟರು.

"ನಿಮ್ಮ ರಸ್ತೆ ಪಟ್ಟಿಗೆ ಬರಲ್ಲ ಅಜ್ಜಿ. ಹಳೇ ಎಣಿಕೆಗಿಂತ ಓಡಾಟ ಹತ್ತು ಪಟ್ಟು ಹೆಚ್ಚಿರಬೇಕು ಅಂತ ಕಾಯ್ದೆ. ಈಗ ದಿನಕ್ಕೆ ಎಂಟುನೂರು ವಾಹನ. ಆದ್ರೆ ಆಗ್ಲೇ ನೂರೊಂದು ಇತ್ತಂತೆ! ಯಾರು ಎಣಿಸಿದ್ರೋ ಪುಣ್ಯಾತ್ಮರು."

"ಪುಣ್ಯಾತ್ಮಳು ನಿನ್ನ ಪಕ್ಕದಲ್ಲೇ ಕೂತಿದಾಳೆ."

ಅವಳು ಲೋಟ ಕೆಳಗಿಟ್ಟಳು.

ಆಗ ನನಗೆ ಹತ್ತೊಂಬತ್ತು. ಅಕ್ಷರ ಬರುತ್ತಿರಲಿಲ್ಲ. ಗಾಡಿಗೊಂದು, ಬಸ್ಸಿಗೊಂದು, ಲಾರಿಗೊಂದು, ರೋಲರಿಗೊಂದು ಎಂದು ಡಬ್ಬಿ ಕೊಟ್ಟಿದ್ದರು. ಹಾದುಹೋದದ್ದಕ್ಕೆಲ್ಲ ಒಂದೊಂದು ಕಲ್ಲು ಹಾಕಬೇಕು. ಸಂಜೆ ಮೇಸ್ತ್ರಿ ಎಣಿಸಿ ಬರೆದುಕೊಳ್ಳುತ್ತಿದ್ದ. ಎಣಿಕೆಯ ಆ ದಿನ ರೋಲರ್ ಡ್ರೈವರು ನನ್ನ ಮುಂದೆ ಹೋದರು, ಬಂದರು, ಮತ್ತೆ ಹೋದರು. ಸಮ ಮಾಡಲು ಅಲ್ಲಿ ಏನೂ ಉಳಿದಿರಲಿಲ್ಲ. ನಾನು ತಲೆ ತಗ್ಗಿಸಿಕೊಂಡು ಕಲ್ಲು ಹಾಕುತ್ತಲೇ ಇದ್ದೆ. ಹೇಳಿದ ಕೆಲಸ ಮಾಡಬೇಕಲ್ಲ! ಡಬ್ಬಿ ತುಂಬಿದ್ದು ನೋಡಿ ಅವರು ಕೇಳಿದರು: "ಇನ್ನೊಂದು ಡಬ್ಬಿ ತರಲಾ?" ಅದೇ ಮೊದಲ ಮಾತು.

ನಮ್ಮಿಬ್ಬರ ಮದುವೆಯಾದ ಮೇಲೆ ಆಣೆ ಹಾಕಿಸಿಕೊಂಡರು: "ಯಾರಿಗೂ ಹೇಳ್ಬೇಡ ಮಾರಾಯ್ತಿ. ಸರ್ಕಾರಿ ಡೀಸೆಲ್ ಸುಟ್ಟಿದೀನಿ, ಮಾನ ಹೋಗುತ್ತೆ." ಅವರು ತೀರಿಕೊಂಡು ಹನ್ನೊಂದು ವರ್ಷ. ಆ ಮಾತನ್ನು ಇವತ್ತಿನವರೆಗೂ ಉಳಿಸಿಕೊಂಡಿದ್ದೆ.

ಸೈಕಲ್ ಬೆಲ್ಲು ಕೇಳಿಸಿತು. ಮೊಮ್ಮಗಳು ಸೇತುವೆಯ ಕಡೆಗೆ ಹೊರಟಿದ್ದಳು.

"ರಿಜಿಸ್ಟರಿನಲ್ಲಿ ರೋಲರಿನ ಸಾಲು ನೋಡು ಮಗಳೇ," ಎಂದೆ ಇಲಾಖೆಯ ಹುಡುಗಿಗೆ.

"ನಲವತ್ತೊಂದು."

"ಇಡೀ ಸೀಮೆಗೆ ಇದ್ದದ್ದು ಒಂದೇ ರೋಲರು." ಎಲ್ಲವನ್ನೂ ಹೇಳಿಬಿಟ್ಟೆ.

ಹುಡುಗಿ ಹೊಟ್ಟೆ ಹಿಡಿದುಕೊಂಡು ನಕ್ಕಳು. "ತಾತ ಭಾರೀ ಆಸಾಮಿ! ಹಾಗಾದ್ರೆ ಹಳೇ ಎಣಿಕೆ ಅರವತ್ತೇ ಆಯ್ತು, ರಸ್ತೆ ಪಟ್ಟಿಗೆ ಬಂತು. ಬರೆದುಕೊಡ್ತೀರಾ?"

ಹಳೆಯ ಪುಟದ ಕೆಳಗೆ ನನ್ನ ಹೆಬ್ಬೆಟ್ಟು ಮಾಸಿತ್ತು. ರಾತ್ರಿ ಶಾಲೆಯಲ್ಲಿ ಕಲಿತ ಅಕ್ಷರದಲ್ಲಿ ನಿಧಾನವಾಗಿ ಹೇಳಿಕೆ ಬರೆದು ಸಹಿ ಹಾಕಿದೆ. ಅವಳು ನಲವತ್ತೊಂದನ್ನು ಹೊಡೆದುಹಾಕಿ ಸೊನ್ನೆ ಬರೆಯಹೊರಟಳು. ನಾನು ಕೈ ಹಿಡಿದೆ.

"ಒಂದು ಬಿಡು ತಾಯಿ. ಮೊದಲನೇ ಸಲ ಅವರು ನಿಜವಾಗ್ಲೂ ಕೆಲಸಕ್ಕೇ ಬಂದಿದ್ರು."