ನೀರುನಾಯಿಗಳನ್ನು ಹೊತ್ತ ಕೊಳವೆ

ನಾನು ನಕ್ಷೆ ಸುತ್ತಿಡುವ ಕಪ್ಪು ಪ್ಲಾಸ್ಟಿಕ್ ಕೊಳವೆ. ಹುಬ್ಬಳ್ಳಿಯ ಒಂದು ತಗಡಿನ ಶೆಡ್ಡಿನಲ್ಲಿ ಅಚ್ಚಿನಿಂದ ಬಿಸಿಬಿಸಿಯಾಗಿ ಹೊರಬಿದ್ದೆ. ತಿರುವಿ ಎಳೆದರೆ ಉದ್ದವಾಗುತ್ತೇನೆ, ಒತ್ತಿದರೆ ಗಿಡ್ಡವಾಗುತ್ತೇನೆ. ತಲೆಗೊಂದು ಮುಚ್ಚಳವಿದೆ, ಹೆಗಲಿಗೆ ಹಾಕಿಕೊಳ್ಳಲು ಪಟ್ಟಿಯಿದೆ. ಹೊಟ್ಟೆಯೊಳಗೆ ಏನನ್ನು ಇಟ್ಟರೂ ಅದೇನೆಂದು ತಿಳಿಯುವ ಹಂಬಲ ನನಗೆ ಹುಟ್ಟಿನಿಂದಲೇ ಬಂದದ್ದು.

ನನ್ನನ್ನು ಮೊದಲು ಕೊಂಡವರು ಕೊಪ್ಪಳದ ನೀರಾವರಿ ಕಚೇರಿಯ ನಕ್ಷೆಗಾರ ಚನ್ನವೀರಪ್ಪ. ಹನ್ನೊಂದು ವರ್ಷ ಅವರ ಕಾಲುವೆಗಳನ್ನು ಹೊತ್ತು ತಿರುಗಿದೆ. ಕಚೇರಿಗೆ ಕಂಪ್ಯೂಟರ್ ಬಂತು, ಅವರಿಗೆ ನಿವೃತ್ತಿಯಾಯಿತು. ನಾನು ಅವರ ಮನೆಯ ಬಾಗಿಲ ಹಿಂದಿನ ಮೊಳೆಗೆ ನೇತುಬಿದ್ದೆ.

ಒಂದು ಬೆಳಿಗ್ಗೆ ಪಕ್ಕದ ಮನೆಯ ದಾಕ್ಷಾಯಣಿ ನನ್ನನ್ನು ಕೇಳಿಕೊಂಡು ಬಂದಳು. ಅವಳು ಸರ್ಕಾರಿ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಹೇಳಿಕೊಡುವ ಮೇಡಂ. ಆರು ವರ್ಷದಿಂದ ತುಂಗಭದ್ರೆಯ ನೀರುನಾಯಿಗಳನ್ನು ಎಣಿಸುತ್ತಿದ್ದಳು. ಅವಳನ್ನು ತೆಪ್ಪದಲ್ಲಿ ಕೂರಿಸಿಕೊಂಡು, ಯಾವ ಬಂಡೆಯ ಸಂದಿಯಲ್ಲಿ ಮರಿಗಳಿವೆ ಎಂದು ತೋರಿಸುತ್ತಿದ್ದವನು ಮೀನುಗಾರ ಹುಲಿಗೆಪ್ಪ. ನೀರುನಾಯಿಗಳು ಬಲೆ ಹರಿಯುತ್ತವೆಂದು ಕೆಲವು ಮೀನುಗಾರರು ಅವನ್ನು ತೆಪ್ಪದ ಹುಟ್ಟಿನಿಂದ ಬಡಿದು ಕೊಲ್ಲುತ್ತಿದ್ದರು. ಇದಕ್ಕೊಂದು ದಾರಿ ಸಿಗದಿದ್ದರೆ ಇನ್ನು ಕೆಲವೇ ವರ್ಷಗಳಲ್ಲಿ ಎಣಿಸಲು ಏನೂ ಉಳಿಯುವುದಿಲ್ಲ ಎಂಬುದು ಅವಳ ಅಳಲು. ಈಗ ಪ್ರಾಗ್ ನಗರದ ಸಮ್ಮೇಳನದಲ್ಲಿ ಈ ಎಣಿಕೆಯನ್ನು ವಿವರಿಸುವ ಪೋಸ್ಟರ್ ತೂಗುಹಾಕಲು ಅವಳಿಗೆ ಕರೆ ಬಂದಿತ್ತು. ಪೋಸ್ಟರಿನ ಕೊನೆಯ ಸಾಲು ಒಂದು ಪ್ರಶ್ನೆ: ನಿಮ್ಮ ಕಡೆ ಇದಕ್ಕೇನು ಮಾಡಿದ್ದೀರಿ?

ಸಮ್ಮೇಳನದವರು ಪ್ರಯಾಣದ ಸೂಚನೆಗಳ ಹಾಳೆಯೊಂದನ್ನು ಕಳಿಸಿದ್ದರು. ಚನ್ನವೀರಪ್ಪ ಕನ್ನಡಕ ಏರಿಸಿಕೊಂಡು ಅದನ್ನು ಸಾಲುಸಾಲಾಗಿ ಓದಿದರು. ಆಮಂತ್ರಣ ಪತ್ರದ ಹೆಸರೂ ಪಾಸ್‌ಪೋರ್ಟಿನ ಹೆಸರೂ ಒಂದೇ ಇರಬೇಕು ಎಂಬಲ್ಲಿಗೆ ಬಂದಾಗ ಅವರು ತಡೆದರು. ಅವಳ ಪಾಸ್‌ಪೋರ್ಟಿನಲ್ಲಿ ತಂದೆಯ ಹೆಸರೂ ಇತ್ತು, ಪತ್ರದಲ್ಲಿ ಇರಲಿಲ್ಲ. ವೀಸಾಕ್ಕೆ ಅರ್ಜಿ ಹಾಕುವ ಮೊದಲೇ ಬರೆದು ಸರಿಮಾಡಿಸಿಕೊಂಡಳು. ಪ್ರಯಾಣದ ವಿಮೆ, ಅಲ್ಲಿನ ಗೋಡೆಯ ತೂತಿಗೆ ಹೊಂದುವ ದುಂಡು ಕಡ್ಡಿಯ ಪ್ಲಗ್, ಟ್ರಾಮ್ ಹತ್ತಿದ ಕೂಡಲೇ ಟಿಕೆಟ್ಟಿಗೆ ಮುದ್ರೆ ಒತ್ತಿಸುವುದು, ಎಲ್ಲಕ್ಕೂ ಪೆನ್ನಿನಲ್ಲಿ ಗುರುತು ಹಾಕಿದಳು. ಪೋಸ್ಟರನ್ನು ಕೈಯಲ್ಲೇ ಒಯ್ಯಿರಿ ಎಂಬುದಕ್ಕೆ ಎರಡು ಗೆರೆ ಎಳೆದಳು. ಆಮೇಲೆ ಪೋಸ್ಟರನ್ನು ಸುತ್ತಿ ನನ್ನೊಳಗೆ ಇಳಿಸಿದಳು. ಹನ್ನೊಂದು ವರ್ಷ ಒಣ ಕಾಲುವೆಗಳನ್ನು ಹೊತ್ತ ನನಗೆ, ಮೀಸೆಯಿರುವ ಆ ಪ್ರಾಣಿಗಳ ಚಿತ್ರ ತಾಗಿ ಕಚಗುಳಿಯಾಯಿತು.

ಬೆಂಗಳೂರಿನಲ್ಲಿ ವಿಮಾನ ಹತ್ತುವವರೆಗೂ ಅವಳು ನನ್ನನ್ನು ಹೆಗಲಿನಿಂದ ಇಳಿಸಲಿಲ್ಲ. ಆದರೆ ನಡುವೆ ವಿಮಾನ ಬದಲಿಸುವ ಊರಿನಲ್ಲಿ, ವಿಮಾನ ಹತ್ತುವ ಬಾಗಿಲ ಬಳಿಯ ಹೆಂಗಸು ಅಳತೆ ಹಿಡಿದು ನನ್ನ ಉದ್ದ ಹೆಚ್ಚಾಯಿತೆಂದಳು. ದಾಕ್ಷಾಯಣಿ ನನ್ನನ್ನು ಒತ್ತಿ ನೋಡಿದಳು. ಒಳಗಿನ ಪೋಸ್ಟರ್ ಗಿಡ್ಡವಾಗಬೇಕಲ್ಲ! ನನ್ನ ಪಟ್ಟಿಗೆ ಚೀಟಿ ಕಟ್ಟಿ ಸರಕಿನ ಜೊತೆ ಕಳಿಸಿದರು. ಗಡಿಬಿಡಿಯಲ್ಲಿ ನಾನು ಅಲ್ಲೇ ಉಳಿದೆ. ಒಂದು ಗಿಟಾರು, ಒಂದು ಗಾಲಿಕುರ್ಚಿ, ಮಗುವಿನ ತಳ್ಳುಗಾಡಿ, ಮತ್ತೆ ನಾನು. ಯಾರ ಗಿಟಾರೋ, ಯಾರ ಮಗುವೋ ಎಂದು ಯೋಚಿಸುತ್ತಾ ಎರಡು ದಿನ ಬಿದ್ದಿದ್ದೆ.

ಆ ಎರಡು ದಿನ ದಾಕ್ಷಾಯಣಿಯ ಕಡೆ ನಡೆದದ್ದು ನನಗೆ ತಿಳಿದದ್ದು ಆಮೇಲೆ, ಅವಳು ಹುಲಿಗೆಪ್ಪನಿಗೆ ಹೇಳುವಾಗ. ಪ್ರಾಗ್‌ನಲ್ಲಿ ಇಳಿದಾಗ ನಾನಿಲ್ಲ. ಚೀಟಿಯ ತುಂಡನ್ನು ಜೋಪಾನ ಮಾಡಿದ್ದರಿಂದ ದೂರು ಬರೆಸಲು ಸಾಧ್ಯವಾಯಿತು. ಪೆನ್ ಡ್ರೈವಿನಲ್ಲಿ ಪ್ರತಿ ಇತ್ತು, ಆದರೆ ಅಂದು ಭಾನುವಾರ, ಅವಳು ಹುಡುಕಿಕೊಂಡು ಹೋದ ಮುದ್ರಣದ ಅಂಗಡಿ ಮುಚ್ಚಿತ್ತು. ಬೆಳಗಾದರೆ ಪೋಸ್ಟರ್ ತೂಗುಹಾಕಬೇಕು. ಇಳಿದುಕೊಂಡಿದ್ದಲ್ಲಿ ಅಡುಗೆಮನೆಯವರಿಂದ ಪೊಟ್ಟಣ ಕಟ್ಟುವ ಕಂದು ಕಾಗದ ಬೇಡಿ ತಂದಳು, ನಾಲ್ಕು ಹಾಳೆ ಅಂಟಿಸಿದಳು. ಮಧ್ಯಾಹ್ನವೆಲ್ಲ ನೆಲದ ಮೇಲೆ ಕೂತು, ಕಂಡ ಹೊಳೆಯನ್ನು ಕಂಡ ಹಾಗೆ ಬರೆದಳು. ಪ್ರತಿ ಬಂಡೆಯ ಪಕ್ಕದಲ್ಲೂ ಹುಲಿಗೆಪ್ಪ ಕರೆಯುವ ಹೆಸರನ್ನು ಕನ್ನಡದಲ್ಲೇ ಬರೆದಳು, ಕೊನೆಗೆ ಆ ಪ್ರಶ್ನೆಯನ್ನು ಇಂಗ್ಲಿಷಿನಲ್ಲಿ.

ಮರುದಿನ ಮೊದಲ ಒಂದು ತಾಸು ಅವಳ ಮುಂದೆ ಯಾರೂ ನಿಲ್ಲಲಿಲ್ಲ. ನುಣುಪಾದ ಪೋಸ್ಟರುಗಳ ಸಾಲಿನಲ್ಲಿ ಆ ಕಂದು ಕಾಗದ ನೋಡಿ ಅವಳಿಗೇ ಮುಜುಗರವಾಗಿತ್ತು. ಆಗ ಯಿತ್ಕಾ ಎಂಬ ಮುದುಕಿ ಬಂದು, ಈ ದುಂಡುದುಂಡು ಅಕ್ಷರವೇನು ಎಂದು ವಿಚಾರಿಸಿದಳು. ಆಕೆಯದು ಮೀನು ಸಾಕುವ ಕೆರೆಗಳ ಊರು. ಮಾತಾಡುತ್ತಾ ಪೆನ್ನು ಇಸಿದುಕೊಂಡು, ಅಂಚಿನಲ್ಲಿ ತನ್ನ ಕೆರೆಯನ್ನೂ ಬರೆದಳು. ಅವಳನ್ನು ನೋಡಿ ಇನ್ನೊಬ್ಬರು ಬಂದರು, ಮತ್ತೊಬ್ಬರು ಬಂದರು. ಸಂಜೆಯ ಹೊತ್ತಿಗೆ ಅಂಚಿನಲ್ಲಿ ಬೆರಳಿಡುವಷ್ಟು ಜಾಗ ಉಳಿದಿರಲಿಲ್ಲ.

ಮಂಗಳವಾರ ನಾನು ತಲುಪಿದಾಗ ದಾಕ್ಷಾಯಣಿ ಓಡಿಬಂದು ಮುಚ್ಚಳ ತೆಗೆದಳು. ಅಚ್ಚಾದ ಪೋಸ್ಟರನ್ನು ಬಿಡಿಸಿ ಸ್ವಲ್ಪ ಹೊತ್ತು ನೋಡಿ, ಯಿತ್ಕಾಳಿಗೆ ಕೊಟ್ಟುಬಿಟ್ಟಳು. ಕಂದು ಕಾಗದವನ್ನು ಮಡಿಕೆ ಬೀಳದಂತೆ ಸುತ್ತಿ ನನ್ನೊಳಗಿಟ್ಟಳು. ಅದು ದಪ್ಪ, ಒರಟು. ಶಾಯಿಯ ವಾಸನೆ ಬೇರೆ. ಯಾರ್ಯಾರು ಏನೇನು ಬರೆದಿದ್ದಾರೋ ಎಂದು ದಾರಿಯುದ್ದಕ್ಕೂ ನನಗೆ ಕಾತರ.

ಅದನ್ನು ಬಿಡಿಸಿದ್ದು ಹೊಳೆಯ ದಂಡೆಯಲ್ಲಿ, ಹುಲಿಗೆಪ್ಪ ಬೋರಲು ಹಾಕಿದ್ದ ತೆಪ್ಪದ ಮೇಲೆ. ಅವಳು ಒಂದೊಂದನ್ನೇ ಕನ್ನಡದಲ್ಲಿ ಹೇಳುತ್ತಾ ಹೋದಳು. ಮರಿಗಳಿರುವ ತಿಂಗಳುಗಳಲ್ಲಿ ಅವುಗಳ ಬಿಲದ ಎದುರಿನ ನೀರಿಗೆ ಬಲೆ ಹಾಕದೆ ಬಿಡುತ್ತೇವೆ, ಆಗ ಬೇರೆ ಕಡೆ ಬಲೆ ಹರಿಯುವುದು ಕಡಿಮೆಯಾಗುತ್ತದೆ ಎಂದು ಯಿತ್ಕಾ ಬರೆದಿದ್ದಳು.

ಹುಲಿಗೆಪ್ಪ ಆ ಕೆರೆಯ ಚಿತ್ರದ ಮೇಲೆ ಬೆರಳಾಡಿಸಿದ. "ಅಷ್ಟು ದೂರದ ಮುದುಕಿಗೂ ಇವು ಕಾಟ ಕೊಡ್ತಾವೇನ್ರಿ ಮೇಡಮ್ಮರ?"

"ಕೊಡ್ತಾವಂತ ಅಣ್ಣಾ."

"ಆಕಿ ಹೊಡಿಯಂಗಿಲ್ಲ?"

"ಮೊದಲು ಹೊಡೀತಿದ್ಲಂತ. ತಾನ ಹೇಳಿದ್ಲು."

ಹುಲಿಗೆಪ್ಪ ಕಾಗದವನ್ನು ತನ್ನ ಕಡೆ ತಿರುಗಿಸಿಕೊಂಡ. ಅದರ ಮೇಲಿನ ಒಂದು ಬಂಡೆ ತೋರಿಸಿದ. "ಹೋದ ವರ್ಷ ಇಲ್ಲಿ ನಿಮ್ಮ ಲೆಕ್ಕಕ್ಕ ಒಂದು ಕಡಿಮಿ ಬಂತಲ್ಲ, ಅದನ್ನ ಹೊಡದಾವ ನಾನ."

ದಾಕ್ಷಾಯಣಿಯ ಕೈ ನನ್ನ ಪಟ್ಟಿಯ ಮೇಲಿತ್ತು. ಅದು ಬಿಗಿಯಾದದ್ದು ನನಗೆ ಗೊತ್ತಾಯಿತು. ಆರು ವರ್ಷ ಅವಳು ಒಬ್ಬನನ್ನು ನಂಬಿದ್ದರೆ ಇವನನ್ನು. ಬೈಯಲಿಲ್ಲ. ಎದ್ದು ಹೋಗಲೂ ಇಲ್ಲ. ಕೊನೆಗೆ ಪೆನ್ನು ತೆಗೆದು ಅವನ ಮುಂದೆ ಹಿಡಿದಳು. ಅವನು ಆ ಬಂಡೆಯ ಪಕ್ಕ ನಿಧಾನವಾಗಿ ತನ್ನ ಹೆಸರು ಬರೆದ. ಬೇಸಿಗೆಯಾದ ಮೇಲೆ ಕೇರಿಯ ಏಳು ಮನೆಯವರನ್ನು ಕೂರಿಸಿಕೊಂಡು, ಅದೇ ಕಾಗದ ಹರವಿ, ಮರಿಗಳ ತಿಂಗಳಲ್ಲಿ ಆ ಬಂಡೆಯ ಬುಡದ ಮಡುವಿಗೆ ಬಲೆ ಹಾಕದಂತೆ ಒಪ್ಪಿಸಿದವನೂ ಅವನೇ. ಬಲೆ ಹರಿಯುವುದು ಪೂರ್ತಿ ನಿಲ್ಲಲಿಲ್ಲ. ಆದರೆ ಮುಂದಿನ ಮೂರು ವರ್ಷ ಆ ಕೇರಿಯಲ್ಲಿ ಯಾರೂ ನೀರುನಾಯಿಗಳ ಮೇಲೆ ಹುಟ್ಟು ಎತ್ತಲಿಲ್ಲ.

ಆಮೇಲೆ ಕಾಲೇಜಿನ ಬೇರೆ ಬೇರೆಯವರ ಹೆಗಲೇರಿ ಕೊಲಂಬೋ, ಹನೋಯ್ ಕಂಡೆ. ಈಗ ಪೋಸ್ಟರುಗಳನ್ನು ಬಟ್ಟೆಯ ಮೇಲೆ ಅಚ್ಚು ಹಾಕಿಸಿ ಸೀರೆಯಂತೆ ಮಡಚಿ ಚೀಲಕ್ಕೆ ಹಾಕಿಕೊಳ್ಳುತ್ತಾರೆ. ನನ್ನ ಪಟ್ಟಿ ಹರಿದಿದೆ, ಮುಚ್ಚಳ ಕಳೆದಿದೆ. ಪ್ರಯೋಗಾಲಯದ ಕಿಟಕಿಯ ಪಕ್ಕ ಒರಗಿಕೊಂಡಿದ್ದೇನೆ.

ಹೋದ ವಾರ ಒಂದು ಕುಂಬಾರ ಹುಳ ನನ್ನ ಬಾಯಿಯ ಅಂಚಿಗೆ ಹಸಿಮಣ್ಣು ಮೆತ್ತಿ ಗೂಡು ಕಟ್ಟಿತು. ಜವಾನರು ಕೆರೆದು ತೆಗೆಯಲು ಬಂದಾಗ ದಾಕ್ಷಾಯಣಿ ಬೇಡವೆಂದಳು. ಇಂದು ಬೆಳಗಿನಿಂದ ಆ ಮಣ್ಣಿನೊಳಗೆ ಏನೋ ಮಿಸುಕಾಡುತ್ತಿದೆ. ಇಷ್ಟು ವರ್ಷ ನಾನು ಹೊತ್ತದ್ದೆಲ್ಲ ಕಾಗದ. ಜೀವ ಇದೇ ಮೊದಲು.