ಹಿಂದೆ ನೋಡೇ

ಅತ್ತೆಯ ಮನೆಯಲ್ಲಿ ಯಾವ ವಸ್ತುವೂ ಎದುರಿಗೆ ಸಿಗುವುದಿಲ್ಲ. ಬೀಗದ ಕೈ ಗಡಿಯಾರದ ಹಿಂದೆ, ಸಕ್ಕರೆ ಡಬ್ಬಿ ಉಪ್ಪಿನ ಡಬ್ಬಿಯ ಹಿಂದೆ. ಸೊಸೆ ಹುಡುಕಿ ಸುಸ್ತಾಗಿ ಕೇಳಿದರೆ ಒಂದೇ ಉತ್ತರ: "ಹಿಂದೆ ನೋಡೇ."

ಇಬ್ಬರೂ ಸರ್ಜನ್ನರು. ಅತ್ತೆ ನಿವೃತ್ತರಾಗಿದ್ದರು, ಅವರ ನಾಲಿಗೆ ಮಾತ್ರ ಆಗಿರಲಿಲ್ಲ. ಅಪೆಂಡಿಕ್ಸಿಗೆ ಎರಡು ಬೆರಳಗಲ ಕೊಯ್ದರೆ ಸಾಕು, ಅದಕ್ಕಿಂತ ಉದ್ದ ಕೊಯ್ಯುವವರು ಕೈಲಾಗದವರು ಎಂದು ಊಟದ ಹೊತ್ತಿನಲ್ಲೂ ಸೊಸೆಯ ಮುಖ ನೋಡಿಯೇ ಹೇಳುತ್ತಿದ್ದರು.

ಅಂಥ ಅತ್ತೆಗೇ ಅಪೆಂಡಿಕ್ಸ್ ಊದಿಕೊಂಡಿತು. ನೋವು ಹೊಟ್ಟೆಯ ಮುಂದೆ ಬರದೆ ಸೊಂಟದ ಕಡೆ ಕಾಣಿಸಿಕೊಂಡಿದ್ದರಿಂದ "ಸೊಂಟ ಉಳುಕಿದೆ" ಎಂದು ತಾವೇ ತೀರ್ಪು ಕೊಟ್ಟು, ಮುಲಾಮು ತಿಕ್ಕಿಕೊಂಡು ಕಾಲ ಕಳೆದುಬಿಟ್ಟರು. ಜ್ವರ ಏರಿದ ಮೇಲೆ ಸೊಸೆಯ ಆಸ್ಪತ್ರೆಗೆ ಬಂದರೆ ಅಲ್ಲಿನ ಇನ್ನೊಬ್ಬ ಸರ್ಜನ್ ರಜೆಯಲ್ಲಿದ್ದರು. ಉಳಿದವಳು ಸೊಸೆಯೊಬ್ಬಳೇ.

ಅತ್ತೆಯನ್ನು ಎದೆಯಿಂದ ಕೆಳಗೆ ಮರಗಟ್ಟಿಸಿ, ಎದೆಯ ಮೇಲೆ ಅಡ್ಡಪರದೆ ಕಟ್ಟಿ ಮಲಗಿಸಿದ್ದರು. ಬಾಯಿ ಚುರುಕಾಗಿಯೇ ಇತ್ತು. ಪರದೆಯ ಆಚೆಯಿಂದ ಕೇಳಿತು: "ಇನ್ನೂ ಸಿಗ್ಲಿಲ್ವಾ?"

ಸಿಕ್ಕಿರಲಿಲ್ಲ. ಅತ್ತೆಯ ಲೆಕ್ಕದಂತೆ ಸೊಸೆ ಎರಡು ಬೆರಳಗಲವಷ್ಟೇ ಕೊಯ್ದಿದ್ದಳು. ಸಣ್ಣ ಗಾಯದೊಳಗೇ ಎಳೆದಾಡಿದರೆ ಅಪೆಂಡಿಕ್ಸ್ ಒಡೆದು ಕೀವು ಹೊಟ್ಟೆಯೆಲ್ಲ ಹರಡೀತು, ಅತ್ತೆಯ ಜೀವಕ್ಕೇ ಸಂಚಕಾರ. ಉದ್ದ ಕೊಯ್ದರೆ ತನ್ನ ಮಾನ ಹೋಗುತ್ತದೆ, ಅದೂ ಜೀವನವಿಡೀ.

"ಇರಬೇಕಾದ ಜಾಗದಲ್ಲಿ ಇಲ್ಲ ಅತ್ತೆ."

"ಹಿಂದೆ ನೋಡೇ!"

ಅಭ್ಯಾಸಬಲದಿಂದ ಬಂದ ಮಾತು. ನರ್ಸ್ ಮಾಸ್ಕಿನೊಳಗೇ ಕಿಸಕ್ಕೆಂದಳು. ಸೊಸೆ ದೊಡ್ಡ ಕರುಳಿನ ಹಿಂದಕ್ಕೆ ಬೆರಳು ತೂರಿಸಿದಳು. ಉಪ್ಪಿನ ಹಿಂದಿನ ಸಕ್ಕರೆಯ ಹಾಗೆ ಅಲ್ಲಿ ಕೂತಿತ್ತು, ಮೇಲಕ್ಕೆ ಮಡಚಿಕೊಂಡು, ಕರುಳಿಗೆ ಅಂಟಿಕೊಂಡು.

"ಸಿಕ್ತು. ಗಾಯ ಉದ್ದ ಮಾಡ್ತೀನಿ."

"ಬೇಡ! ಬೆರಳಲ್ಲೇ ಎಳಿ, ಬರುತ್ತೆ. ನಾನಾಗಿದ್ರೆ..."

"ನೀವೀಗ ಪೇಷೆಂಟು ಅತ್ತೆ. ಬಾಯಿ ಮುಚ್ಕೊಂಡು ಮಲಗಿ."

ಮದುವೆಯಾದಾಗಿನಿಂದ ಗಂಟಲಲ್ಲೇ ಉಳಿದಿದ್ದ ಮಾತು. ಹೇಳಿದ ಮೇಲೆ ಸೊಸೆಗೆ ಭಯವೂ ಆಯಿತು, ಹಾಯೆಂದೂ ಅನಿಸಿತು. ಅವಳು ಅಂಗೈಯಗಲ ಕೊಯ್ದು, ಕರುಳನ್ನು ಮೆಲ್ಲಗೆ ಮಗುಚಿ, ಅಪೆಂಡಿಕ್ಸನ್ನು ಒಡೆಯದಂತೆ ಬಿಡಿಸಿ ತೆಗೆದಳು.

ಮನೆಗೆ ಬಂದ ಅತ್ತೆ, ನೋಡಲು ಬಂದವರ ಮುಂದೆಲ್ಲ "ಎಷ್ಟುದ್ದ ಕೊಯ್ದಿದ್ದಾಳೆ ಗೊತ್ತಾ?" ಎಂದು ದೂರಿದರು. ಸೊಸೆ ಕೇಳಿಯೂ ಕೇಳದವಳಂತೆ ಕಾಫಿ ಮಾಡಲು ಅಡುಗೆಮನೆಗೆ ಹೋಗಿ ಉಪ್ಪಿನ ಡಬ್ಬಿಯ ಹಿಂದೆ ಕೈ ಹಾಕಿದಳು. ಏನೂ ಇರಲಿಲ್ಲ.

"ಅತ್ತೇ, ಸಕ್ಕರೆ ಎಲ್ಲಿ?"

ಒಳಕೋಣೆಯಿಂದ ಸ್ವಲ್ಪ ತಡವಾಗಿ, ಸ್ವಲ್ಪ ಮೆತ್ತಗೆ ಉತ್ತರ ಬಂತು.

"ಮುಂದೆ ನೋಡೇ."